ನೆತ್ತಿಯ ಮೇಲೆ ಬೋರ್ಡು

ಕಾರಿನ ವಿಷಯ ಬಂದರೆ ನನ್ನೊಬ್ಬಳನ್ನು ಬಿಟ್ಟು ಯಾರನ್ನು ಬೇಕಾದರೂ ಕೇಳುವುದು ನಮ್ಮ ಮನೆಯ ಪದ್ಧತಿ. ಹಾಗಿರುವಾಗ ಮಗಳು ಸಾಕ್ಷಿ ಆ ಮರದ ತುಂಡನ್ನು ಅವಳ ಪಪ್ಪನ ಮುಂದೆ ಇಡದೆ, ನಾನು ರೊಟ್ಟಿ ಬಡಿಯುತ್ತಿದ್ದ ಕಟ್ಟೆಗೆ ತಂದು ಇಟ್ಟಳು. ನನ್ನ ತಲೆ ಕೆಡಲು ಶುರುವಾದದ್ದು ಅಲ್ಲಿಂದ.

“ಮಮ್ಮಿ, ಇದಕ್ಕ ಬಾಡಿ ನೀನೇ ಚೂಸ್ ಮಾಡಬೇಕು.”

“ಯಾವ ಬಾಡಿ? ಏನಿದು ಕಟಗಿ ತುಂಡು? ಹಿಟ್ಟಾಗತೈತಿ, ಆ ಕಡೆ ಸರಸು.”

ಶಾಲೆಯಲ್ಲಿ ಮರದ ಕಾರಿನ ರೇಸು ಇಟ್ಟಿದ್ದರು. ಅಮೆರಿಕದ ಮಕ್ಕಳ ಆಟವಂತೆ, ಹೊಸದಾಗಿ ಬಂದ ಯಾವುದೋ ಟೀಚರ್ ತಂದದ್ದು. ಪ್ರತಿ ಮಗುವಿಗೆ ಒಂದು ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ಗಾಲಿ ಸಿಕ್ಕಿಸಲು ನಾಲ್ಕು ಮೊಳೆ. ಮನೆಯಲ್ಲಿ ಕೂತು ಕಾರು ಮಾಡಬೇಕು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಜಾರುಬಂಡೆಯಂಥ ಹಲಗೆಯ ಮೇಲಿಂದ ಬಿಟ್ಟರೆ ತನ್ನ ಭಾರಕ್ಕೆ ತಾನೇ ಓಡಿ ಕೆಳಗಿನ ಕಮಾನು ದಾಟಬೇಕು. ಮರವನ್ನೇ ಕೆತ್ತಿ ಕಾರಿನ ಆಕಾರ ಕೊಡಬಹುದು, ಇಲ್ಲವೆ ಅಂಗಡಿಯಲ್ಲಿ ಸಿಗುವ ಮಾಡೆಲ್ ಕಾರಿನ ಪ್ಲಾಸ್ಟಿಕ್ ಬಾಡಿ ತಂದು ಮರದ ಮೇಲೆ ಕೂರಿಸಬಹುದು. ಸಾಕ್ಷಿಗೆ ಎರಡನೆಯದೇ ಬೇಕು. ಯಾವ ಕಾರಿನ ಬಾಡಿ ಎಂಬುದನ್ನು ಮಾತ್ರ ನಾನು ಹೇಳಬೇಕು. ನಾನು!

ಇದರಲ್ಲಿ ತಲೆ ಕೆಡುವಂಥದ್ದೇನು ಅನ್ನುತ್ತೀರಿ. ಸ್ವಲ್ಪ ತಡೆಯಿರಿ, ಹೇಳುತ್ತೇನೆ. ಆಗ ಎರಡು ಸಾವಿರದ ಐದನೇ ಇಸವಿ. ದುಬೈಯ ಅಲ್ ನಹ್ದಾದಲ್ಲಿ ಒಂಬತ್ತನೇ ಮಹಡಿಯ ಮನೆ. ನಮ್ಮವರು, ಅಂದರೆ ಗುರುನಾಥ, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಫ್ಯಾಕ್ಟರಿಯ ಎಂಜಿನಿಯರು. ಬೆಳಕು ಹರಿಯುವ ಮೊದಲೇ ಕಾರು ತೆಗೆದುಕೊಂಡು ಹೋದರೆ ಬರುವುದು ಕತ್ತಲಾದ ಮೇಲೆ. ಬಾಗಲಕೋಟೆಯಲ್ಲಿ ಲೂನಾ ಮೇಲೆ ಕಾಲೇಜಿಗೆ ಹೋಗಿ ಪಾಠ ಹೇಳುತ್ತಿದ್ದವಳು, ಅಣ್ಣನ ಮಾರುತಿಯನ್ನು ಮುಧೋಳದ ತನಕ ಓಡಿಸಿದವಳು ನಾನು, ಇಲ್ಲಿಗೆ ಬಂದ ಮೇಲೆ ಯಾರಾದರೂ ಹೊತ್ತೊಯ್ದರೆ ಹೋಗುವ ಪಾರ್ಸಲ್ ಆಗಿಬಿಟ್ಟಿದ್ದೆ.

ನನ್ನದು ಹಾಳಾಗಿ ಹೋಗಲಿ. ಸಾಕ್ಷಿಗೆ ಸ್ಕೇಟಿಂಗ್ ಅಂದರೆ ಜೀವ. ಅದು ನಡೆಯುವುದು ಶಾಲೆ ಬಿಟ್ಟ ಮೇಲೆ. ಶಾಲೆಯ ಬಸ್ಸು ಅಷ್ಟೊತ್ತು ಕಾಯುವುದಿಲ್ಲ. ಆ ಸುಡುವ ಬಿಸಿಲಲ್ಲಿ ನಮ್ಮ ಬಿಲ್ಡಿಂಗಿನ ಮುಂದೆ ಟ್ಯಾಕ್ಸಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಒಂದು ದಿನ ಮಗು ಶಾಲೆಯ ಗೇಟಿನಲ್ಲಿ ಒಬ್ಬಳೇ ಕೂತು ಕಾದು ಕಾದು ಅತ್ತಳು. ಇನ್ನೊಮ್ಮೆಯೂ ಹಾಗೇ ಆಯಿತು. ಆಮೇಲೆ ತಾನಾಗಿಯೇ, “ನನಗ ಸ್ಕೇಟಿಂಗ್ ಬ್ಯಾಡ ಮಮ್ಮಿ, ಬೋರ್ ಆಗತೈತಿ” ಅಂದಳು. ಒಂಬತ್ತು ವರ್ಷದ ಕೂಸು ನನ್ನ ಮುಖ ನೋಡಿ ಸುಳ್ಳು ಹೇಳುವುದನ್ನು ಕಲಿಯಿತು. ಗಾಲಿಯ ಬೂಟುಗಳು ಕಪಾಟಿನಲ್ಲಿದ್ದವು. ಕಪಾಟು ತೆಗೆದಾಗೆಲ್ಲ ಅವನ್ನು ಬಟ್ಟೆಗಳ ಹಿಂದೆ ಸರಿಸುತ್ತಿದ್ದೆ. ನನಗೆ ಡ್ರೈವಿಂಗ್ ಲೈಸೆನ್ಸು ಬೇಕಾಗಿತ್ತು, ಅಷ್ಟೇ.

ಆ ಲೈಸೆನ್ಸೋ! ಎಷ್ಟು ಸಲ ಫೇಲಾದಿರಿ ಎಂದು ಮಾತ್ರ ಕೇಳಬೇಡಿ, ಸಿಟ್ಟು ಬರುತ್ತದೆ. ಮೊದಲನೇ ಟೆಸ್ಟಿನ ದಿನ ಪರೀಕ್ಷೆ ಮಾಡುವ ಪೊಲೀಸಮ್ಮ ಹೆಸರು ಕೂಗಿದ ಕೂಡಲೇ ಧಡಧಡ ಹೋಗಿ, ಬಲಗಡೆಯ ಬಾಗಿಲು ತೆಗೆದು, ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡೆ. ನೋಡುತ್ತೇನೆ, ಸ್ಟಿಯರಿಂಗೇ ಇಲ್ಲ. ಈ ದೇಶದಲ್ಲಿ ಅದು ಎಡಗಡೆ ಇರುತ್ತದೆ ಎಂಬುದು ಗೊತ್ತಿರಲಿಲ್ಲವೆ? ಗೊತ್ತಿತ್ತು, ತಿಂಗಳುಗಟ್ಟಲೆ ಎಡಗಡೆಯೇ ಕೂತು ಕಲಿತಿದ್ದೆ. ಆದರೆ ಅವಸರಕ್ಕೆ ಕಾಲು ಮುಧೋಳದ ಲೆಕ್ಕದಲ್ಲಿ ನಡೆದುಬಿಟ್ಟಿತು. ಪೊಲೀಸಮ್ಮ ಹೊರಗೆ ನಿಂತು, ತನ್ನ ಸೀಟಿನಲ್ಲಿ ಕೂತ ನನ್ನನ್ನು ನೋಡಿ, “ಸಿಸ್ಟರ್, ಯು ಟೇಕ್ ಮೈ ಟೆಸ್ಟ್?” ಎಂದು ಕೇಳಿದಳು. ಹಿಂದಿನ ಸೀಟಿನಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸರು ಕಿಸಕ್ಕೆಂದರು.

ಅದಾದ ಮೇಲೆ ಒಂದು ಸಲ ನಿಧಾನ ಎಂದು ಫೇಲು, ಇನ್ನೊಂದು ಸಲ ಜೋರು ಎಂದು ಫೇಲು. ಕನ್ನಡಿ ನೋಡಲಿಲ್ಲ ಎಂದು ಒಮ್ಮೆ, ಕನ್ನಡಿಯನ್ನೇ ನೋಡುತ್ತ ರಸ್ತೆ ನೋಡಲಿಲ್ಲ ಎಂದು ಒಮ್ಮೆ. ಏನು ಮಾಡಿದರೆ ಸರಿ ಎಂಬುದೇ ತಿಳಿಯದಾಯಿತು. ನನಗೆ ಕಲಿಸುತ್ತಿದ್ದ ಹಸೀನ ಉಳ್ಳಾಲದ ಕಡೆಯವಳು, ನನಗಿಂತ ಚಿಕ್ಕವಳು, ಬಲು ತಾಳ್ಮೆಯವಳು. “ನೀಲಕ್ಕ, ನಿಮಗೆ ಡ್ರೈವಿಂಗ್ ಬರ್ತದೆ ಮಾರಾಯ್ರೆ. ನೀವು ಆಲೋಚನೆ ಮಾಡುದು ಜಾಸ್ತಿ, ಅದೇ ಪ್ರಾಬ್ಲೆಮ್” ಅನ್ನುತ್ತಿದ್ದಳು. ಆಲೋಚನೆ ಮಾಡದೆ ರೌಂಡ್‌ಅಬೌಟಿಗೆ ನುಗ್ಗಲು ನಾನೇನು ಎಮ್ಮೆಯೆ?

ನಮ್ಮವರು ಬೈಯುವವರಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಮೆತ್ತಗೆ, “ನೀಲಾ, ಈ ಸಲ ಆಗಲಿಲ್ಲಂದ್ರ ಖಲಾಸ್. ಬಿಟ್ಟುಬಿಡು. ಎಲ್ಲಾರಿಗೂ ಎಲ್ಲಾ ಬರಬೇಕಂತೇನಿಲ್ಲ” ಅಂದರು. ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ. ಟೆಸ್ಟಿನ ತಾರೀಕು ಬುಧವಾರ ಬಿದ್ದಿತ್ತು. ಸಾಕ್ಷಿಯ ರೇಸು ಮರುದಿನ ಗುರುವಾರ, ಆಗ ನಮಗೆ ಗುರುವಾರ ಶುಕ್ರವಾರ ರಜೆ.

ಇಂಥ ಹೊತ್ತಿನಲ್ಲಿ ಈ ಹುಡುಗಿ ಕಾರಿನ ಬಾಡಿ ಆರಿಸು ಎಂದು ನನ್ನ ಬೆನ್ನು ಬಿದ್ದಿದ್ದಳು.

ನಮ್ಮವರಿಗೆ ಮೊದಲೇ ಕೈ ತುರಿಸುತ್ತಿತ್ತು. ಕಾಗದ ಪೆನ್ಸಿಲ್ ಹಿಡಿದು ಕೂತು ಒಂದು ಚಿತ್ರ ಬರೆದರು. ಮುಂದೆ ಚೂಪು, ಹಿಂದೆ ದಪ್ಪ. “ಗಾಳಿ ಸೀಳಿಕೊಂಡು ಹೋಗಬೇಕು. ಬಾಡಿ ಗೀಡಿ ಏನೂ ಬ್ಯಾಡ. ಹಿಂದ ಭಾರ ಇಡೋಣು, ಫಸ್ಟ್ ಬರತೈತಿ.”

ಸಾಕ್ಷಿ ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಪಪ್ಪಾ, ಇದು ಚಪ್ಪಲಿ ಇದ್ದಂಗ ಐತಿ” ಅಂದಳು.

ಸರಿ, ಬಾಡಿ ಹುಡುಕಲು ನಾನೂ ಅವಳೂ ಟ್ಯಾಕ್ಸಿ ಹಿಡಿದು ಕರಾಮಾ ಬಜಾರಿಗೆ ಹೋದೆವು. ಆಟಿಕೆ ಅಂಗಡಿಯ ಮಲಯಾಳಿ ಒಂದೊಂದೇ ಡಬ್ಬಿ ಇಳಿಸಿದ. ಕೆಂಪು ರೇಸ್ ಕಾರು ತೋರಿಸಿದೆ. ಬೇಡ. ಮರುಭೂಮಿಯಲ್ಲಿ ಓಡುವ ದೊಡ್ಡ ಲ್ಯಾಂಡ್ ಕ್ರೂಸರ್ ತೋರಿಸಿದೆ. ಬೇಡ. ಬಾಗಿಲು ಮೇಲಕ್ಕೆ ರೆಕ್ಕೆಯಂತೆ ಏಳುವ ಇನ್ಯಾವುದೋ ಕಾರು. ಅದೂ ಬೇಡ.

“ಮತ್ತ್ಯಾವುದು ಬೇಕವಾ?”

“ನೀನೇ ಹೇಳು.”

“ಹೇಳಿದ್ದೆಲ್ಲಾ ಬ್ಯಾಡ ಅಂತಿಯಲ್ಲಾ!”

“ಬಿಕಾಸ್ ಯು ಆರ್ ಚೂಸಿಂಗ್ ರಾಂಗ್ ಒನ್ಸ್.”

ಇಲ್ಲಿಯೂ ಫೇಲು! ನಾನು ಏನು ಆರಿಸಿದರೂ ತಪ್ಪು, ಆದರೆ ಆರಿಸಬೇಕಾದವಳು ನಾನೇ. ಮನಸ್ಸಿನಲ್ಲಿ ಒಂದು ಉತ್ತರ ಇಟ್ಟುಕೊಂಡು ನನ್ನ ಬಾಯಿಂದಲೇ ಅದು ಬರಲಿ ಎಂದು ಕಾಯುತ್ತಿದ್ದಾಳೆ ಎಂಬಷ್ಟು ಮಾತ್ರ ಅರ್ಥವಾಯಿತು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಏನಾರ ಮಾಡ್ಕೊ ಹೋಗು” ಎಂದು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅವಳು ಕೆಳಗಿನ ಶೆಲ್ಫಿಗೆ ಕೈ ಹಾಕಿ ಧೂಳು ಹಿಡಿದ ಒಂದು ಡಬ್ಬಿ ಎಳೆದಳು. ಬಿಳಿಯ ಕೊರೊಲ್ಲಾ. ಜಪಾನಿನ ಕಿಟ್ಟು. ದುಬೈಯ ಯಾವ ಪಾರ್ಕಿಂಗಿಗೆ ಹೋದರೂ ಸಾಲಾಗಿ ನಿಂತಿರುವ, ಯಾರೂ ತಿರುಗಿ ನೋಡದ ಕಾರು.

“ಇದಾ? ಇಷ್ಟೆಲ್ಲಾ ಬಿಟ್ಟು ಇದಾ?”

“ಹ್ಞೂಂ” ಅಂದಳು, ಗಲ್ಲ ಉಬ್ಬಿಸಿಕೊಂಡು.

ಮನೆಗೆ ಬಂದ ಮೇಲೆ ನಮ್ಮವರು ಬಾಡಿಯನ್ನು ಮರದ ಮೇಲೆ ಅಳತೆ ಮಾಡಿ ಕೂರಿಸಿದರು. ಫ್ಯಾಕ್ಟರಿಯಿಂದ ತಂದ ಲೋಹದ ಚೂರುಗಳನ್ನು ಅಡಿಯಲ್ಲಿ ಹಿಂದಿನ ಗಾಲಿಯ ಹತ್ತಿರ ಅಂಟಿಸಿ, ಮೊಳೆಗಳಿಗೆ ಪೆನ್ಸಿಲಿನ ಸೀಸದ ಪುಡಿ ಉಜ್ಜಿದರು. ಎಲ್ಲ ಮುಗಿಸಿ ಕಿಟಕಿಯೊಳಗೆ ಇಣುಕಿದವರು, “ಅರೆ, ಇದರ ಸ್ಟಿಯರಿಂಗ್ ಬಲಗಡೆ ಐತಲ್ಲ! ಜಪಾನಿನವರದೂ ನಮ್ಮಂಗ. ಇಲ್ಲಿ ನಡಿಯೂದಿಲ್ಲ, ಕಿತ್ತು ಎಡಕ್ಕ ಹಚ್ಚಲ್ಯಾ?” ಅಂದರು.

“ಬ್ಯಾಡ ಪಪ್ಪಾ, ಕರೆಕ್ಟ್ ಐತಿ. ಮಮ್ಮಿ ಆ ಕಡೆನೇ ಕೂಡ್ತಾಳ.”

ಇಬ್ಬರೂ ನಕ್ಕರು. ನನಗೂ ನಗು ಬಂತು, ಆದರೆ ತೋರಿಸಲಿಲ್ಲ. ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದೆ. ಈ ಮಾತಿನಲ್ಲೇ ಉತ್ತರವಿತ್ತು, ಆದರೆ ನನಗೆ ಆಗ ಹೊಳೆಯಲಿಲ್ಲ.

ಮರುದಿನ ನಮ್ಮವರು ಕೆಲಸದ ಮೇಲೆ ಅಬುಧಾಬಿಗೆ ಹೋದರು. ಮೀನಾ ಬಂದರಿನ ಹತ್ತಿರದ ಯಾವುದೋ ಗೋದಾಮಿಗೆ ಕಿಟಕಿ ಕೂರಿಸುವುದಿತ್ತು. ಗುರುವಾರ ನೇರವಾಗಿ ಶಾಲೆಗೇ ಬರುತ್ತೇನೆ ಅಂದಿದ್ದರು.

ಮಂಗಳವಾರ ಸಂಜೆ ಹಸೀನಳ ಜೊತೆ ಕೊನೆಯ ಪಾಠ ಮುಗಿಸಿ ಮೇಲೆ ಬಂದೆ. ಸಾಕ್ಷಿ ನೆಲದ ಮೇಲೆ ಬೋರಲಾಗಿ ಮಲಗಿ ಏನೋ ಕತ್ತರಿಸುತ್ತಿದ್ದಳು. ಹತ್ತಿರ ಹೋಗಿ ನೋಡಿದರೆ ಬೆಂಕಿಪೊಟ್ಟಣ. ಅದಕ್ಕೆ ಹಳದಿ ಕಾಗದ ಸುತ್ತಿ, ಮೇಲೆ ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಏನೋ ಬರೆದು, ಎರಡೂ ಬದಿ ಅಂಟುವ ಟೇಪಿನಿಂದ ಬಿಳಿ ಕಾರಿನ ನೆತ್ತಿಗೆ ನಿಲ್ಲಿಸಿದ್ದಳು. ಥೇಟ್ ನಮ್ಮ ಡ್ರೈವಿಂಗ್ ಸ್ಕೂಲಿನ ಬೋರ್ಡು! ಯಾರೋ ಕಲಿಯುತ್ತಿದ್ದಾರೆ, ದೂರ ಇರಿ ಎಂದು ಊರಿಗೆಲ್ಲ ಸಾರುವ ಹಾಳು ಬೋರ್ಡು.

ನನ್ನ ಮೈಯೆಲ್ಲ ಉರಿಯಿತು. “ಏನಿದು? ನನ್ನ ಮೆರವಣಿಗಿ ಮಾಡಬೇಕಂತೀ ಏನ? ನಿಮ್ಮವ್ವ ಫೇಲಾದಾಕಿ ಅಂತ ಇಡೀ ಸಾಲಿಗೆ ತೋರಸಬೇಕಾ? ತೆಗಿ ಅದನ್ನ!”

ಅವಳು ತೆಗೆಯಲಿಲ್ಲ. ಕಣ್ಣು ತುಂಬಿಕೊಂಡು ಕೂತಳು.

“ತೆಗಿ ಅಂದ್ನೆಲ್ಲಾ!”

“ಬೋರ್ಡ್ ತೆಗದ್ರ ಅದು ನಿನ್ನ ಕಾರ್ ಅಂತ ಹೆಂಗ ಗೊತ್ತಾಗ್ಬೇಕು?” ಅಂದಳು. “ನಾ ಬಾಲ್ಕನಿಯಾಗ ನಿಂತು ನೋಡ್ತೀನಿ, ನಿನ್ನ ಕ್ಲಾಸ್ ಇದ್ದಾಗೆಲ್ಲಾ. ಮ್ಯಾಲಿಂದ ನೀ ಕಾಣೂದೇ ಇಲ್ಲ. ಬರೀ ವೈಟ್ ಕಾರ್ಸ್. ಬೋರ್ಡ್ ಇದ್ದದ್ದು ನೀನು. ಪಾರ್ಕಿಂಗ್‌ನ್ಯಾಗ ರೌಂಡ್ ಹಾಕ್ತಿ, ರಿವರ್ಸ್ ಮಾಡ್ತಿ. ಒಂದ್ಸಲಾನೂ ಯಾರಿಗೂ ಹೊಡದಿಲ್ಲ. ಐ ನೋ. ಐ ವಾಚ್.”

ಇಷ್ಟು ದಿನ ಮೇಲಿನಿಂದ ಒಂದು ಜೋಡಿ ಕಣ್ಣು ನನ್ನನ್ನು ನೋಡುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಪೊಲೀಸಮ್ಮನೂ ಅಲ್ಲ, ನಮ್ಮವರೂ ಅಲ್ಲ, ಈ ಚೋಟುದ್ದದ ಹುಡುಗಿ. ನಾನು ಕಲಿಯುತ್ತಿದ್ದ ಹಸೀನಳ ಕಾರೂ ಅಂಥದ್ದೇ ಬಿಳಿ ಕೊರೊಲ್ಲಾ. ಅಂಗಡಿಯಲ್ಲಿ ನಾನು ಅದನ್ನು ನೋಡಿ, ಇದು ನನ್ನ ಕಾರು ಅನ್ನಲಿ ಎಂದು ಅವಳು ಕಾದಿದ್ದಳು. ನಾನೋ ಅದರ ಕಡೆ ಕಣ್ಣು ಹಾಯಿಸಿರಲೂ ಇಲ್ಲ. ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಇಬ್ಬರೂ ಸ್ವಲ್ಪ ಅತ್ತೆವು.

“ನಾಳೆ ಪಾಸ್ ಆದ್ರ ತೆಗಿಯೋಣು. ಓಕೆ?” ಅಂದಳು. ಓಕೆ ಅಂದೆ.

ಬುಧವಾರ ಎಲ್ಲ ಸರಿಯಾಗಿ ಆಯಿತು. ಎಡಗಡೆ ಕೂತೆ, ಕನ್ನಡಿಯನ್ನು ಬೇಕಾದಷ್ಟೇ ನೋಡಿದೆ, ಇಂಡಿಕೇಟರ್ ಹಾಕಿದೆ. ಪೊಲೀಸಮ್ಮ ಸುಮ್ಮನಿದ್ದಳು, ಸುಮ್ಮನಿದ್ದರೆ ಒಳ್ಳೆಯದು ಎಂದು ಹಸೀನ ಹೇಳಿದ್ದಳು. ಆಮೇಲೆ ರೌಂಡ್‌ಅಬೌಟು ಬಂತು. ಈಗ ಹೋಗಲೋ, ಇದು ಹೋದ ಮೇಲೆ ಹೋಗಲೋ, ಆ ಲಾರಿ ಒಳಗೆ ತಿರುಗುತ್ತದೋ ಹೊರಗೆ ಹೋಗುತ್ತದೋ. ಹಿಂದೆ ಹಾರ್ನು. “ಯಲ್ಲಾ ಸಿಸ್ಟರ್, ಗೋ” ಅಂದಳು ಅವಳು. ಹೋದೆ. ಹೋಗಬಾರದ ಹೊತ್ತಿಗೇ ಹೋದೆ. ಅವಳ ಕಾಲಿನ ಹತ್ತಿರ ಇರುವ ಬ್ರೇಕನ್ನು ಅವಳು ಒತ್ತಿದಳು. ಆ ಬ್ರೇಕು ಬಿದ್ದ ಮೇಲೆ ಯಾರೂ ಏನೂ ಹೇಳಬೇಕಾಗಿಲ್ಲ.

ಹಸೀನ ಮನೆತನಕ ಬಿಟ್ಟು, ಇಳಿಯುವಾಗ ನನ್ನ ಕೈ ಹಿಡಿದು, “ಹೋಗ್ಲಿ ಬಿಡಿ ನೀಲಕ್ಕ, ಇನ್ನೊಂದು ಡೇಟ್ ತೆಗೆಯುವ” ಅಂದಳು. ಇನ್ನೊಂದು ಡೇಟು ಇಲ್ಲ, ಖಲಾಸ್ ಎಂದು ಅವಳಿಗೆ ಹೇಳಲಿಲ್ಲ. ಬಾಗಿಲು ತೆಗೆದವಳು ಸಾಕ್ಷಿ. ಮುಖ ಮೇಲೆತ್ತಿ ನಿಂತಿದ್ದಳು.

“ರಿಸಲ್ಟ್ ನಾಳೆ ಹೇಳ್ತಾರಂತ” ಅಂದುಬಿಟ್ಟೆ.

ಗುರುವಾರ ಶಾಲೆಯ ಹಾಲಿನಲ್ಲಿ ಜಾತ್ರೆಯ ಗದ್ದಲ. ಉದ್ದನೆಯ ಮರದ ಹಲಗೆಯಲ್ಲಿ ನಾಲ್ಕು ಸಾಲು, ಕೊನೆಯಲ್ಲಿ ಕಮಾನು. ಕಾರುಗಳನ್ನು ತೂಗಿ ಅಳೆದು ನೋಡಲು ಪಾಲಕರಲ್ಲೇ ಒಬ್ಬರಾದ ಫೆಲಿಕ್ಸ್ ಎಂಬ ಮಂಗಳೂರಿನವರು ಮೇಜು ಹಾಕಿಕೊಂಡು ಕೂತಿದ್ದರು. ನಮ್ಮವರು ಅಬುಧಾಬಿಯಿಂದ ಆಗಷ್ಟೇ ಬಂದು ಬೆವರು ಒರೆಸಿಕೊಳ್ಳುತ್ತ ನಮ್ಮ ಹಿಂದೆ ನಿಂತರು. ಕಾರಿನ ನೆತ್ತಿಯ ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು.

ಫೆಲಿಕ್ಸ್ ತೂಕ ನೋಡಿದರು, ಸರಿಯಿತ್ತು. ಅಗಲ ಸರಿಯಿತ್ತು. ಕಮಾನಿನ ಎತ್ತರಕ್ಕೆ ಕತ್ತರಿಸಿದ ರಟ್ಟಿನ ಅಡಿಯಲ್ಲಿ ಕಾರನ್ನು ತಳ್ಳಿದರು. ಬೋರ್ಡು ರಟ್ಟಿಗೆ ತಾಗಿ ಕಾರು ನಿಂತಿತು. ನಿಯಮಗಳನ್ನು ಓದಿದ್ದವರು ನಮ್ಮವರು, ಬೋರ್ಡು ಹಚ್ಚಿದಾಗ ಅವರು ಊರಲ್ಲಿರಲಿಲ್ಲ.

“ಎಂತ ಮಾಡುದು ಪುಟ್ಟ, ಹೈಟ್ ಜಾಸ್ತಿ ಆಯ್ತಲ್ಲ” ಅಂದರು ಫೆಲಿಕ್ಸ್. “ಈ ಬೋರ್ಡ್ ತೆಗೆದ್ರೆ ಓಡಿಸ್ಬಹುದು. ಇಲ್ಲದಿದ್ರೆ ಆಗುದಿಲ್ಲ.”

ಸಾಕ್ಷಿ ಬೋರ್ಡಿನ ಮೇಲೆ ಕೈ ಮುಚ್ಚಿದಳು. “ಪಾಸಾದ್ರ ತೆಗೀಬಹುದು” ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದಳು. “ಮಮ್ಮಿ, ರಿಸಲ್ಟ್ ಬಂತಾ?”

ಪಾಸು ಅಂದರೆ ಸಾಕು. ಅವಳು ಕುಣಿದಾಡಿ ಬೋರ್ಡು ಕೀಳುತ್ತಾಳೆ, ಕಾರು ಓಡುತ್ತದೆ. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು. ಹಿಂದೆ ನಮ್ಮವರು ನಿಂತಿದ್ದಾರೆ, ಎದುರಿಗೆ ಗುರುತಿಲ್ಲದ ಮನುಷ್ಯ, ಸುತ್ತ ಅವಳ ಕ್ಲಾಸಿನ ಮಕ್ಕಳು. ಇಲ್ಲಿ ಏನು ಹೇಳಿದರೆ ಸರಿ? ರೌಂಡ್‌ಅಬೌಟಿನ ಮುಂದೆ ನಿಂತ ಹಾಗೇ ನಿಂತೆ. ಸ್ಕೇಟಿಂಗ್ ಬೋರ್ ಆಗತೈತಿ ಅಂದ ಅವಳ ಮುಖ ನೆನಪಾಯಿತು. ಈ ಮನೆಗೆ ಅಷ್ಟು ಸುಳ್ಳು ಸಾಕು ಅನ್ನಿಸಿತು.

“ಫೇಲ್ ಆದೆ” ಅಂದೆ. “ನಿನ್ನೇನೇ. ನಿನಗ ಸುಳ್ಳು ಹೇಳಿದೆ.”

ಅವಳು ನನ್ನನ್ನು ನೋಡಿದಳು, ಕಾರನ್ನು ನೋಡಿದಳು. ಆಮೇಲೆ ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಬೋರ್ಡನ್ನು ಬಿಡಿಸಿ, ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದಳು.

“ಹಿಡ್ಕೊ. ಕಳೀಬ್ಯಾಡ ಮತ್ತ. ರೇಸ್ ಮುಗದ ಕೂಡಲೇ ಹಚ್ಚಬೇಕು. ನೆಕ್ಸ್ಟ್ ಟೆಸ್ಟ್‌ಗೆ ಬೇಕಲ್ಲ!”

ನೆಕ್ಸ್ಟ್ ಟೆಸ್ಟು! ನಾನು ನಮ್ಮವರ ಮುಖ ನೋಡಲಿಲ್ಲ. ಬೋರ್ಡನ್ನು ಮುಷ್ಟಿಯಲ್ಲಿ ಹಿಡಿದು ಹಲಗೆಯ ಪಕ್ಕಕ್ಕೆ ಹೋಗಿ ನಿಂತೆ. ನಾಲ್ಕು ಕಾರು ಬಿಟ್ಟರು. ಎರಡು ನಮ್ಮವರ ಚಪ್ಪಲಿಯ ಚಿತ್ರದಂಥವು, ಸೊಂಯ್ಯನೆ ಹೋದವು. ಒಂದು ಕೆಂಪು ರೇಸ್ ಕಾರು ನಡುದಾರಿಯಲ್ಲಿ ಅಡ್ಡಾದಿಡ್ಡಿಯಾಗಿ ಸಾಲು ತಪ್ಪಿ ಕೆಳಗೆ ಬಿತ್ತು. ನಮ್ಮ ಬಿಳಿ ಕೊರೊಲ್ಲಾ ಯಾರಿಗೂ ತಾಗದೆ, ಎಲ್ಲಿಯೂ ಅಲುಗದೆ, ನೆಟ್ಟಗೆ ಇಳಿದು ಬಂದು ಕಮಾನು ದಾಟಿತು. ಮೂರನೆಯದು. ಮುಂದಿನ ಸುತ್ತಿಗೆ ಇಲ್ಲ. ಸಾಕ್ಷಿ ಮಾತ್ರ ಗೆದ್ದವಳಂತೆ ಕಿರುಚಿಕೊಂಡು ಓಡಿ ಅದನ್ನು ಎತ್ತಿಕೊಂಡಳು.

ಓಡಿ ಬಂದವಳೇ ನನ್ನ ಮುಷ್ಟಿ ಬಿಡಿಸಿದಳು. ಬೋರ್ಡು ನನ್ನ ಬೆವರಿಗೆ ಮೆತ್ತಗಾಗಿತ್ತು, ಟೇಪು ಹಿಡಿಯಲಿಲ್ಲ. ಎಷ್ಟು ಒತ್ತಿದರೂ ವಾಲಿ ವಾಲಿ ಬಿತ್ತು. ಅವಳಿಗೆ ಅಳು ಬರುವ ಹಾಗಾಯಿತು.

ನಮ್ಮವರು ಫೆಲಿಕ್ಸ್ ಅವರ ಮೇಜಿನ ಹತ್ತಿರ ಹೋಗಿ ಗಮ್ಮಿನ ಟ್ಯೂಬು ಇಸಿದುಕೊಂಡು ಬಂದರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತು, ಕನ್ನಡಕ ಏರಿಸಿ, ಬೆಂಕಿಪೊಟ್ಟಣದ ಬೋರ್ಡನ್ನು ಕಾರಿನ ನೆತ್ತಿಯ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಒಂದು ಎಳೆಯಷ್ಟು ಎಡಕ್ಕೆ ಸರಿಸಿದರು.

“ಮುಂದಿನ ಡೇಟ್ ಯಾವಾಗ ಕೊಡ್ತಾರಂತ?” ಎಂದು ಕೇಳಿದರು, ತಲೆ ಎತ್ತದೆ.

ಅವರು ಟ್ಯೂಬು ಹಿಂಡಿ, ಸುತ್ತ ಗಮ್ಮು ಹರಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದರು.

“ಪಪ್ಪಾ!” ಸಾಕ್ಷಿ ಅವರ ಕೈ ಹಿಡಿದು ಎಳೆದಳು. “ಅಷ್ಟು ಗಟ್ಟಿ ಹಚ್ಚಬ್ಯಾಡ! ಆಮ್ಯಾಲೆ ತೆಗೀಬೇಕಲ್ಲ!”